ಪ್ಲೇಟಿನ ತೂತು ಸರಿಹೋದರೆ ಅರ್ಧ ಜಿಮ್ ಮನೆಯಲ್ಲೇ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಎಷ್ಟೋ ಮನೆಗಳಲ್ಲಿ ವೇಟ್ ಪ್ಲೇಟುಗಳು ಮಂಚದ ಕೆಳಗೆ ಸುಮ್ನೆ ಕೂತಿರುತ್ತವೆ. ಆನ್‌ಲೈನ್‌ನಲ್ಲಿ ತರಿಸಿದ ಒಂದು ಸೆಟ್, ಮುಚ್ಚಿದ ಯಾವುದೋ ಜಿಮ್‌ನಿಂದ ಕೆಜಿ ಲೆಕ್ಕದಲ್ಲಿ ಕೊಂಡ ನಾಲ್ಕು ಕಬ್ಬಿಣದ ಪ್ಲೇಟು, ಗುಜರಿಯಲ್ಲಿ ಸಿಕ್ಕ ಇನ್ನೆರಡು. ಒಂದರ ತೂತಿಗೆ ಹೋಗುವ ರಾಡು ಇನ್ನೊಂದಕ್ಕೆ ಹೋಗುವುದಿಲ್ಲ. ಹೋದರೂ ಲೊಡಲೊಡ ಅನ್ನುತ್ತದೆ. ಬೆಂಚ್ ಇಲ್ಲ, ಸ್ಟ್ಯಾಂಡ್ ಇಲ್ಲ, ಪೇಟೆಯ ಜಿಮ್ಮಿಗೆ ಹೋಗೋಣ ಅಂದರೆ ಮಳೆಗಾಲದಲ್ಲಿ ಬಸ್ಸು ನಂಬುವ ಹಾಗಿಲ್ಲ. ಹಾಗಾಗಿ ವ್ಯಾಯಾಮವೇ ನಿಂತುಹೋಗುತ್ತದೆ.

ನನ್ನ ಪ್ರಕಾರ ಹೊಸ ಸಾಮಾನು ಕೊಳ್ಳುವ ಮೊದಲು ಇರುವ ಪ್ಲೇಟನ್ನೇ ಅರ್ಥ ಮಾಡಿಕೊಳ್ಳಬೇಕು. ಪ್ಲೇಟು ಅಂದರೆ ನಡುವೆ ತೂತಿರುವ ಒಂದು ತೂಕ, ಅಷ್ಟೆ. ಅದನ್ನು ಯಾವುದು ಹಿಡಿದುಕೊಂಡಿದೆ, ನಿಮ್ಮ ಮೈಯಿಂದ ಅದು ಎಷ್ಟು ದೂರದಲ್ಲಿದೆ. ಈ ಎರಡು ವಿಷಯ ಗೊತ್ತಾದರೆ 30 ಕೆಜಿಯಲ್ಲೇ ಕಾಲು, ಬೆನ್ನು, ಭುಜ ಎಲ್ಲಕ್ಕೂ ಸಾಕಷ್ಟು ಕೆಲಸ ಕೊಡಬಹುದು.

ಮೊದಲು ತೂತಿನ ವಿಷಯ. ದೊಡ್ಡ ಜಿಮ್‌ಗಳಲ್ಲಿ ಇರುವ ಒಲಿಂಪಿಕ್ ಪ್ಲೇಟಿನ ತೂತು ಸುಮಾರು 50 ಮಿಲಿಮೀಟರ್. ಮನೆಗೆ ಅಂತ ಮಾರುವ ಪ್ಲೇಟಿನದು 25ರಿಂದ 30 ಮಿಲಿಮೀಟರ್, ಒಬ್ಬೊಬ್ಬ ತಯಾರಕರದ್ದು ಒಂದೊಂದು. 50ರ ಪ್ಲೇಟನ್ನು 28ರ ರಾಡಿಗೆ ಸುಮ್ಮನೆ ಸಿಕ್ಕಿಸಿದರೆ ಏನಾಗುತ್ತದೆ ನೋಡಿ. ಪ್ಲೇಟು ರಾಡಿನ ಮೇಲಂಚಿಗೆ ಜೋತುಬೀಳುತ್ತದೆ, ಅಂದರೆ ಅದರ ನಡುಬಿಂದು ರಾಡಿನ ನಡುಬಿಂದುವಿಗಿಂತ 11 ಮಿಲಿಮೀಟರ್ ಕೆಳಗೆ ಇರುತ್ತದೆ. ಎತ್ತುವಾಗ ಅದು ಓಲಾಡುತ್ತದೆ, ವಾಲುತ್ತದೆ. ವಾಲಿದ ಪ್ಲೇಟು ಲಾಕನ್ನು (ಪ್ಲೇಟು ಜಾರದಂತೆ ರಾಡಿನ ತುದಿಯಲ್ಲಿ ಹಾಕುವ ಕ್ಲಿಪ್ಪನ್ನು) ಒಂದೇ ಅಂಚಿನಿಂದ ಒತ್ತಿ ಒತ್ತಿ ಹೊರಕ್ಕೆ ತಳ್ಳುತ್ತದೆ. ಸ್ಪ್ರಿಂಗ್ ಲಾಕು ಇದನ್ನು ತಡೆಯುವುದಿಲ್ಲ. ಒಂದು ಕಡೆಯ ಪ್ಲೇಟು ಜಾರಿ ಬಿದ್ದರೆ ಇನ್ನೊಂದು ಕಡೆ ಧಡಕ್ಕನೆ ಕೆಳಗೆ ಹೋಗುತ್ತದೆ, ಕೈ ಮಣಿಕಟ್ಟು ತಿರುಚುತ್ತದೆ.

ಇದಕ್ಕೆ ಒಳ್ಳೆಯ ಉಪಾಯ ಬುಷ್. ಲೇತ್ ಅಂಗಡಿಯಲ್ಲಿ ನೈಲಾನ್ ತುಂಡಿನಿಂದ ಹೊರಗಿನ ಅಳತೆ 49.5, ಒಳಗಿನದು 28.5 ಮಿಲಿಮೀಟರ್ ಇರುವ ಬಳೆ ಮಾಡಿಸಿ. ರಾಡು 25ರದ್ದಾದರೆ ಒಳಗಿನ ಅಳತೆ 25.5. ಅಳತೆ ಬರೆದುಕೊಂಡು ಹೋಗುವುದಕ್ಕಿಂತ ರಾಡನ್ನೂ ಪ್ಲೇಟನ್ನೂ ಹೊತ್ತುಕೊಂಡೇ ಹೋಗಿ. ಎರಕದ ತೂತು ಪೂರ್ತಿ ದುಂಡಗೆ ಇರುವುದು ಕಡಿಮೆ, ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಇಟ್ಟು ಎರಡು ಮೂರು ಕಡೆ ನೋಡಿದರೆ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆ ಸಿಗುತ್ತದೆ. ಹಳೇ ಬೈಕ್ ಟ್ಯೂಬು ಪಟ್ಟಿ ಮಾಡಿ ರಾಡಿಗೆ ಬಿಗಿಯಾಗಿ ಸುತ್ತುವವರೂ ಇದ್ದಾರೆ. ಸಣ್ಣ ತೂಕಕ್ಕೆ ಅದು ಆಗುತ್ತದೆ, ದೊಡ್ಡ ತೂಕಕ್ಕೆ ರಬ್ಬರು ಅದುಮಿಕೊಂಡು ಮತ್ತೆ ಸಡಿಲವಾಗುತ್ತದೆ.

ಉಲ್ಟಾ ಸಮಸ್ಯೆಯೂ ಇದೆ. ತೂತು ಚಿಕ್ಕದು, ರಾಡು ದಪ್ಪ. ಎರಕದ ಕಬ್ಬಿಣದ ಪ್ಲೇಟಾದರೆ ಲೇತ್‌ನಲ್ಲಿ ತೂತು ದೊಡ್ಡದು ಮಾಡಿಸಬಹುದು. ಮನೆಯ ಡ್ರಿಲ್‌ನಲ್ಲಿ ಕೈ ಹಾಕಬೇಡಿ. ಪ್ಲಾಸ್ಟಿಕ್ ಚಿಪ್ಪಿನೊಳಗೆ ಸಿಮೆಂಟು ತುಂಬಿದ ಪ್ಲೇಟಾದರೆ ಮುಟ್ಟಲೇಬೇಡಿ, ಒಳಗಿನದು ಪುಡಿಯಾಗಿ ಉದುರುತ್ತದೆ.

ವೆಲ್ಡಿಂಗ್ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಪ್ಲೇಟಿಗೆ ಹಿಡಿಕೆ ಬೆಸೆದುಬಿಡೋಣ ಅಂತ ತುಂಬಾ ಜನ ಯೋಚಿಸುತ್ತಾರೆ. ಎರಕದ ಕಬ್ಬಿಣ ಮಾಮೂಲಿ ವೆಲ್ಡಿಂಗ್‌ಗೆ ಒಗ್ಗುವುದಿಲ್ಲ. ಅದರಲ್ಲಿ ಇಂಗಾಲ ಜಾಸ್ತಿ. ಬಿಸಿಯಾಗಿ ತಣಿಯುವಾಗ ಬೆಸುಗೆಯ ಪಕ್ಕದಲ್ಲೇ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಇವತ್ತು ಗಟ್ಟಿಯಾಗಿ ಕಾಣುತ್ತದೆ, ಒಂದು ದಿನ ತಲೆ ಮೇಲೆ ಎತ್ತಿದಾಗ ಕಳಚುತ್ತದೆ. ಭದ್ರಾವತಿಯಲ್ಲಿ 1923ರಿಂದ ಕಬ್ಬಿಣದ ಕಾರ್ಖಾನೆ ನಡೆದ ಜಿಲ್ಲೆ ನಮ್ಮದು, ಎರಕ ಯಾವುದು, ಮೈಲ್ಡ್ ಸ್ಟೀಲ್ (ಮಾಮೂಲಿ ಮೆದು ಉಕ್ಕು) ಯಾವುದು ಅಂತ ಕಿಡಿ ನೋಡಿಯೇ ಹೇಳುವ ಹಳೆಯ ಕೆಲಸಗಾರರು ಇಲ್ಲಿ ಸಿಗುತ್ತಾರೆ. ಕೇಳಿ. ಮೈಲ್ಡ್ ಸ್ಟೀಲ್ ಪ್ಲೇಟಾದರೆ ಬೆಸೆಯಬಹುದು. ಗ್ಯಾಲ್ವನೈಸ್ ಮಾಡಿದ ಪೈಪಿಗೆ ಬೆಸುಗೆ ಹಾಕುವುದಾದರೆ ಮೇಲಿನ ಸತುವಿನ ಪದರ ಉಜ್ಜಿ ತೆಗೆಯಲು ಹೇಳಿ, ಅದರ ಹೊಗೆ ಕುಡಿದರೆ ಜ್ವರ ಬರುತ್ತದೆ.

ಹಾಗಾದರೆ ಹಿಡಿಕೆ ಹೇಗೆ? ಇಲ್ಲಿ ನನಗೆ ಅತಿ ಇಷ್ಟವಾದ ಸಾಮಾನು ಬರುತ್ತದೆ, ಲೋಡಿಂಗ್ ಪಿನ್. ಹೆಸರು ದೊಡ್ಡದು, ವಸ್ತು ಸರಳ. ನೆಟ್ಟಗೆ ನಿಂತ ಒಂದು ಪೈಪು. ಅದರ ಬುಡದಲ್ಲಿ ತಡೆ, ನೆತ್ತಿಯಲ್ಲಿ ಕೊಕ್ಕೆ. ಪ್ಲೇಟುಗಳನ್ನು ಮೇಲಿನಿಂದ ಒಂದರ ಮೇಲೊಂದು ಇಳಿಸುವುದು. ಕೊಕ್ಕೆಗೆ ಹಗ್ಗ ಹಾಕಿ ಎಳೆಯಬಹುದು, ಹಿಡಿಕೆ ಹಾಕಿ ಎತ್ತಬಹುದು, ಸೊಂಟದ ಬೆಲ್ಟಿಗೆ ತೂಗುಹಾಕಿ ಬಸ್ಕಿ ಹೊಡೆಯಬಹುದು. ಎರಡು ಮಾಡಿಕೊಂಡರೆ ಒಂದೊಂದು ಕೈಯಲ್ಲಿ ಹಿಡಿದು ಅಂಗಳದ ಉದ್ದಕ್ಕೂ ನಡೆಯಬಹುದು. ಹಿಡಿತ, ಭುಜ, ಸೊಂಟ ಮೂರಕ್ಕೂ ಅಷ್ಟು ಒಳ್ಳೆಯ ವ್ಯಾಯಾಮ ಇನ್ನೊಂದಿಲ್ಲ ಅನ್ನುವವನು ನಾನು.

ಪೈಪಿನ ಅಳತೆಯಲ್ಲಿ ಒಂದು ಗೊಂದಲ ಇದೆ. ಅಂಗಡಿಯಲ್ಲಿ ಕೇಳುವ ಇಂಚಿಗೂ ಪೈಪಿನ ಹೊರಮೈಗೂ ಸಂಬಂಧ ಇಲ್ಲ. ಮುಕ್ಕಾಲು ಇಂಚಿನ ಜಿಐ (ಗ್ಯಾಲ್ವನೈಸ್ ಮಾಡಿದ) ಪೈಪು ಅಂದರೆ ಹೊರಗಿನ ಅಳತೆ 26.9 ಮಿಲಿಮೀಟರ್. ಒಂದು ಇಂಚಿನದು 33.7. ಒಂದೂವರೆ ಇಂಚಿನದು 48.3. ಈ ಮೂರು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು. ತೂತು 28 ಅಥವಾ 30 ಇದ್ದರೆ ಮುಕ್ಕಾಲು ಇಂಚು ಹಿಡಿಸುತ್ತದೆ, 50ರ ತೂತಿಗೆ ಒಂದೂವರೆ ಇಂಚಿನ ಪೈಪು ಎರಡು ಮಿಲಿಮೀಟರ್ ಕೂಡ ಸಂದಿ ಬಿಡದೆ ಕೂರುತ್ತದೆ. ತೂತು 25 ಇದ್ದವರಿಗೆ ಅರ್ಧ ಇಂಚಿನ ಪೈಪು, ಹೊರಮೈ 21.3. ಪಿನ್ನಿನಲ್ಲಿ ತೂಕ ನೇರ ಕೆಳಗೆ ಕೂತಿರುವುದರಿಂದ ಸ್ವಲ್ಪ ಸಡಿಲ ಇದ್ದರೂ ತೊಂದರೆ ಇಲ್ಲ.

ಬುಡದ ಜೋಡಣೆಯನ್ನು ಹತ್ತಿರದಿಂದ ನೋಡೋಣ, ಯಾಕೆಂದರೆ ಪೂರ್ತಿ ತೂಕ ಕೂರುವುದು ಅಲ್ಲೇ. ಪೈಪಿನ ತುದಿಗೆ ಮರೆ (ಥ್ರೆಡ್) ಹಾಕಿಸಿ ಫ್ಲೇಂಜ್ ಅನ್ನುವ ಅಗಲ ಬಿಲ್ಲೆ ತಿರುಗಿಸಿಬಿಡುವುದು ಸುಲಭದ ದಾರಿ. ಆದರೆ ಎತ್ತಿ ಇಳಿಸುವಾಗ ಪ್ಲೇಟುಗಳು ಸ್ವಲ್ಪ ಸ್ವಲ್ಪ ತಿರುಗುತ್ತಾ ಇರುತ್ತವೆ, ಆ ತಿರುಗಾಟಕ್ಕೆ ಮರೆಯೂ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಇದಕ್ಕಿಂತ ಪೈಪಿನ ತುದಿಯಿಂದ ಮೂರು ಸೆಂಟಿಮೀಟರ್ ಮೇಲೆ ಅಡ್ಡ ತೂತು ಕೊರೆಸಿ, 12 ಮಿಲಿಮೀಟರ್ ಬೋಲ್ಟು ಆಚೆಯಿಂದ ಈಚೆಗೆ ದಾಟಿಸಿ, ನೈಲಾನ್ ಇರುವ ಲಾಕ್ ನಟ್ಟು ಹಾಕಿ. ಬೋಲ್ಟಿನ ಮೇಲೆ ಅಂಗೈ ಅಗಲದ ದಪ್ಪ ಉಕ್ಕಿನ ವಾಷರ್. ಅದರ ಮೇಲೆ ಪ್ಲೇಟು. ಪ್ಲೇಟು ಎಷ್ಟೇ ತಿರುಗಲಿ, ಅಡ್ಡ ಬೋಲ್ಟು ತಾನಾಗಿ ಬಿಚ್ಚುವ ಪ್ರಶ್ನೆ ಇಲ್ಲ. ನೆತ್ತಿಯಲ್ಲೂ ಹೀಗೇ ಅಡ್ಡ ಬೋಲ್ಟು, ಅದಕ್ಕೆ ಡಿ ಶ್ಯಾಕಲ್, ಅಂದರೆ ಅಡ್ಡ ಪಿನ್ನು ಇರುವ D ಆಕಾರದ ಉಕ್ಕಿನ ಕೊಂಡಿ. ಕೀ ಬಂಚಿಗೆ ಹಾಕುವಂಥ ಅಲಂಕಾರದ ಕೊಕ್ಕೆ ಬೇಡ. ಲಾರಿಯವರು ಬಳಸುವ, ಮೇಲೆ ಎಷ್ಟು ಭಾರ ತಡೆಯುತ್ತದೆ ಅಂತ ಬರೆದಿರುವ ಶ್ಯಾಕಲ್ ಬೇಕು.

ಪಿನ್ ಆದ ಮೇಲೆ ರಾಟೆ. ಬಾವಿಯ ರಾಟೆ ಮಲೆನಾಡಿನ ಮನೆಗಳಲ್ಲಿ ಈಗ ಕೆಲಸವಿಲ್ಲದೆ ಬಿದ್ದಿರುತ್ತದೆ, ಪಂಪು ಬಂದ ಮೇಲೆ ಸೇದುವವರು ಯಾರು? ಅದನ್ನು ತೊಲೆಗೆ ಕಟ್ಟಿ, ಹಗ್ಗದ ಒಂದು ತುದಿಗೆ ಪಿನ್ನು, ಇನ್ನೊಂದು ತುದಿಗೆ ಕೋಲು ಕಟ್ಟಿದರೆ ಬೆನ್ನಿನ ಪುಲ್‌ಡೌನ್ (ಮೇಲಿನಿಂದ ಕೆಳಕ್ಕೆ ಎಳೆಯುವ ವ್ಯಾಯಾಮ) ತಯಾರು. ಇಲ್ಲಿ ಎಲ್ಲರೂ ಮರೆಯುವ ಒಂದು ಲೆಕ್ಕ ಇದೆ. ಪಿನ್ನಿನಲ್ಲಿ 25 ಕೆಜಿ ಇದ್ದರೆ ತೊಲೆ ಹೊರುವುದು 25 ಅಲ್ಲ, 50 ಕೆಜಿ. ಒಂದು ತುದಿಯನ್ನು ತೂಕ ಎಳೆಯುತ್ತದೆ, ಇನ್ನೊಂದನ್ನು ನೀವು ಎಳೆಯುತ್ತೀರಿ, ಎರಡೂ ಸೇರಿ ರಾಟೆಯ ಮೇಲೆ. ಜೊತೆಗೆ ತೂಕವನ್ನು ಧೊಪ್ಪನೆ ಬಿಟ್ಟರೆ ಆ ಕ್ಷಣದ ಹೊಡೆತ ಇನ್ನೂ ಜಾಸ್ತಿ. ಹಾಗಾಗಿ ಹಂಚು ಹೊರುವ ಪಕಾಸಿಗೆ, ರೀಪಿಗೆ ಯಾವತ್ತೂ ಕಟ್ಟಬೇಡಿ. ದಪ್ಪ ತೊಲೆಗೇ ಕಟ್ಟಿ. ಕಟ್ಟುವ ಮೊದಲು ಸುತ್ತಿಗೆಯಿಂದ ತಟ್ಟಿ ನೋಡಿ, ಮೊಳೆಯ ತುದಿಯಿಂದ ಗೋಡೆಗೆ ಸೇರುವ ಕಡೆ ಚುಚ್ಚಿ ನೋಡಿ. ಗೆದ್ದಲು ಮೊದಲು ಹಿಡಿಯುವುದು ಅಲ್ಲಿ. ಡೊಳ್ಳು ಸದ್ದು ಬಂದರೆ, ಮೊಳೆ ಸಲೀಸಾಗಿ ಇಳಿದರೆ ಆ ತೊಲೆ ಬೇಡ. ತೆಂಗಿನ ನಾರಿನ ಹಗ್ಗವೂ ಬೇಡ, ಶೀತಕ್ಕೆ ಒಳಗೊಳಗೇ ಕೊಳೆಯುತ್ತದೆ. ನೈಲಾನ್ ಹಗ್ಗ ತನ್ನಿ.

ಇನ್ನು ರಾಡು. ಬಾರ್‌ಬೆಲ್ ಬದಲು ಜಿಐ ಪೈಪು ಹಾಕುವವರು ಒಂದು ಮಿತಿ ಇಟ್ಟುಕೊಳ್ಳಬೇಕು. ಮುಕ್ಕಾಲು ಇಂಚಿನ ಪೈಪು ಟೊಳ್ಳು, ಎರಡು ತುದಿಯಲ್ಲಿ ತೂಕ ಇದ್ದಾಗ ನಡುವೆ ಬಾಗುತ್ತದೆ. ನಾನಾದರೆ ಒಂದೊಂದು ಕಡೆ 15 ಕೆಜಿ ದಾಟಿಸುವುದಿಲ್ಲ. ಅದಕ್ಕಿಂತ ಜಾಸ್ತಿ ಬೇಕಿದ್ದರೆ ಗಟ್ಟಿ ಉಕ್ಕಿನ ನುಣುಪು ರಾಡು ತನ್ನಿ. ಅದರ ತೂಕ ಕಂಡುಹಿಡಿಯಲು ಕಟ್ಟಡದ ಕೆಲಸದವರಿಗೆಲ್ಲ ಗೊತ್ತಿರುವ ಸೂತ್ರ ಇದೆ: ಮಿಲಿಮೀಟರ್‌ನಲ್ಲಿ ದಪ್ಪವನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿ. ಮೀಟರಿಗೆ ಎಷ್ಟು ಕೆಜಿ ಅಂತ ಬರುತ್ತದೆ. 28 ಮಿಲಿಮೀಟರ್ ರಾಡಿಗೆ 4.84 ಕೆಜಿ. ಒಂದೂವರೆ ಮೀಟರ್ ತುಂಡು 7 ಕೆಜಿ ಚಿಲ್ಲರೆ. ಒಲಿಂಪಿಕ್ ಗಂಡಸರ ರಾಡು 20 ಕೆಜಿ, ಹೆಂಗಸರದ್ದು 15 ಕೆಜಿ ಇರುತ್ತದೆ, ಆ ಲೆಕ್ಕದಲ್ಲಿ ಬರೆದ ಚಾರ್ಟನ್ನು ಮನೆಯ ರಾಡಿಗೆ ಹಾಗೇ ಹಾಕಿದರೆ ತಪ್ಪುತ್ತದೆ. ಗಾರೆ ಕೆಲಸದ ಟಿಎಂಟಿ ಕಂಬಿ ಗಟ್ಟಿಯೇನೋ ಹೌದು, ಆದರೆ ಅದರ ಏಣುಗಳು ಅಂಗೈ ಕೀಳುತ್ತವೆ.

ಪ್ಲೇಟಿನ ದಪ್ಪವೂ ರಾಡಿನ ಉದ್ದ ನಿರ್ಧರಿಸುತ್ತದೆ. ಕಾಂಕ್ರೀಟು ಘನ ಮೀಟರಿಗೆ ಸುಮಾರು 2400 ಕೆಜಿ, ಎರಕದ ಕಬ್ಬಿಣ ಸುಮಾರು 7200. ಮೂರು ಪಟ್ಟು. ಹಾಗಾಗಿ 30 ಸೆಂಟಿಮೀಟರ್ ಅಗಲದ 10 ಕೆಜಿ ಪ್ಲೇಟು ಕಬ್ಬಿಣದ್ದಾದರೆ 2 ಸೆಂಟಿಮೀಟರ್ ದಪ್ಪ, ಸಿಮೆಂಟಿನದಾದರೆ ಹತ್ತಿರ ಹತ್ತಿರ 6. ಎರಡು ಹಾಕಿದರೆ ಡಂಬೆಲ್ ರಾಡಿನ ತುದಿ ಮುಗಿದೇ ಹೋಗುತ್ತದೆ, ನಟ್ಟಿಗೆ ಜಾಗ ಇರುವುದಿಲ್ಲ. ಅಗ್ಗದ ಸೆಟ್ ಕೊಂಡವರು ತೂಕ ಏರಿಸಲಾಗದೆ ನಿಲ್ಲುವುದು ಇಲ್ಲೇ. ಅಂಥವರಿಗೆ ಪಿನ್ನು ವಾಸಿ, ಉದ್ದ ಎಷ್ಟು ಬೇಕೋ ಅಷ್ಟು ಕತ್ತರಿಸಿಕೊಳ್ಳಬಹುದು.

ಅಗಲದ್ದು ಇನ್ನೊಂದು ಕಥೆ. ಸ್ಪರ್ಧೆಯ ದೊಡ್ಡ ಪ್ಲೇಟು 450 ಮಿಲಿಮೀಟರ್ ಅಗಲ, ಅದಕ್ಕೆ ರಾಡು ನೆಲದಿಂದ 22.5 ಸೆಂಟಿಮೀಟರ್ ಎತ್ತರದಲ್ಲಿ ಇರುತ್ತದೆ. ಮನೆಯ 30 ಸೆಂಟಿಮೀಟರ್ ಪ್ಲೇಟು ಹಾಕಿದರೆ ಎತ್ತರ ಬರೀ 15. ಡೆಡ್‌ಲಿಫ್ಟ್ (ನೆಲದಲ್ಲಿರುವ ರಾಡನ್ನು ಬಗ್ಗಿ ಹಿಡಿದು ಎದ್ದು ನಿಲ್ಲುವ ವ್ಯಾಯಾಮ) ಮಾಡುವಾಗ ಏಳೂವರೆ ಸೆಂಟಿಮೀಟರ್ ಜಾಸ್ತಿ ಬಗ್ಗಬೇಕು, ಅಷ್ಟು ಬಗ್ಗುವಾಗ ಬಹಳ ಜನರ ಬೆನ್ನು ಗೂನಾಗುತ್ತದೆ. ಆಮೇಲೆ ಸೊಂಟ ಹಿಡಿಯಿತು, ಈ ವ್ಯಾಯಾಮ ನನಗೆ ಆಗಿಬರುವುದಿಲ್ಲ ಅನ್ನುತ್ತಾರೆ. ಎರಡೂ ಪ್ಲೇಟಿನ ಕೆಳಗೆ ಏಳೆಂಟು ಸೆಂಟಿಮೀಟರ್ ದಪ್ಪದ ಮರದ ತುಂಡು ಇಡಿ, ಅಷ್ಟೇ. ಬೆಲ್ಟಿಗೆ ಪಿನ್ ತೂಗಿಸಿ ಬಸ್ಕಿ ಹೊಡೆಯಲು ನಿಲ್ಲುವುದಕ್ಕೂ ಎರಡು ಕಡೆ ಗಟ್ಟಿ ಮರದ ಪೆಟ್ಟಿಗೆಯೇ ಬೇಕು. ಅಂಗಳದಲ್ಲಿ ಸಿಗುವ ಜಂಬಿಟ್ಟಿಗೆ ಕಲ್ಲನ್ನು ನಂಬಬೇಡಿ, ಅಂಚು ಉದುರುತ್ತದೆ.

ಪ್ಲೇಟಿನ ಮೇಲೆ 5 ಅಂತ ಬರೆದ ಮಾತ್ರಕ್ಕೆ ಅದು 5 ಕೆಜಿ ಇರಲೇಬೇಕು ಅಂತಿಲ್ಲ. ಅಡಿಕೆ ಬೆಳೆಯುವ ಮನೆಯಲ್ಲಿ ತೂಕದ ಮಿಷನ್ ಇದ್ದೇ ಇರುತ್ತದೆ ಅಲ್ವಾ, ಎಲ್ಲಾ ಪ್ಲೇಟನ್ನೂ ಅದರ ಮೇಲಿಟ್ಟು ನಿಜವಾದ ತೂಕವನ್ನು ಪೇಂಟಿನಲ್ಲಿ ಬರೆದುಬಿಡಿ. ಒಟ್ಟು ತೂಕ ಸ್ವಲ್ಪ ಹೆಚ್ಚುಕಡಿಮೆ ಆದರೆ ನಷ್ಟ ಇಲ್ಲ. ಎಡ ಬಲ ವ್ಯತ್ಯಾಸ ಆದರೆ ಕಷ್ಟ. ಹತ್ತಿರದ ತೂಕದವನ್ನು ಜೋಡಿ ಮಾಡಿ ಇಟ್ಟುಕೊಳ್ಳಿ.

ಈಗ ಎರಡನೇ ಪ್ರಶ್ನೆ, ದೂರ. ಸ್ನಾಯುವಿಗೆ ಕೆಜಿ ಗೊತ್ತಿಲ್ಲ, ಕೀಲಿನ ಸುತ್ತ ಎಷ್ಟು ಜೋರಾಗಿ ತಿರುಚುತ್ತಿದೆ ಅನ್ನುವುದು ಮಾತ್ರ ಗೊತ್ತು. 5 ಕೆಜಿ ಪ್ಲೇಟನ್ನು ಭುಜದಿಂದ 20 ಸೆಂಟಿಮೀಟರ್ ದೂರದಲ್ಲಿ, ಎದೆಯ ಹತ್ತಿರ ಹಿಡಿದರೆ ಭುಜಕ್ಕೆ ಅದು ಏನೂ ಅಲ್ಲ. ಅದೇ ಪ್ಲೇಟನ್ನು ಕೈ ಚಾಚಿ 60 ಸೆಂಟಿಮೀಟರ್ ದೂರ ಒಯ್ದರೆ, ಹತ್ತಿರದಲ್ಲಿ 15 ಕೆಜಿ ಹಿಡಿದಷ್ಟೇ ಭಾರ. ಪ್ಲೇಟು ಬದಲಾಗಲಿಲ್ಲ, ಕೆಲಸ ಮೂರು ಪಟ್ಟಾಯಿತು.

ಗರಡಿ ಮನೆಯ ಗದೆ ನಿಂತಿರುವುದೇ ಈ ಲೆಕ್ಕದ ಮೇಲೆ. ಉದ್ದ ಕೋಲು, ತುದಿಯಲ್ಲಿ ತೂಕ. ಪೈಲ್ವಾನರು ಅದನ್ನು ಬೆನ್ನ ಹಿಂದೆ ಬೀಸಿ ಭುಜಕ್ಕೆ ತರುವಾಗ ಹಿಡಿತ, ತೋಳು, ಭುಜ, ನಡು ಎಲ್ಲವೂ ಒಟ್ಟಿಗೆ ಕೆಲಸ ಮಾಡುತ್ತವೆ. ಒಂದು ಮೀಟರ್ ಪೈಪಿನ ತುದಿಗೆ ಪ್ಲೇಟು ಸಿಕ್ಕಿಸಿ ಮನೆಯಲ್ಲೂ ಗದೆ ಮಾಡಿಕೊಳ್ಳಬಹುದು. ಆದರೆ ಬೀಸುವಾಗ ಪ್ಲೇಟು ಹೊರಕ್ಕೆ ಹಾರಲು ನೋಡುತ್ತದೆ, ಆದ್ದರಿಂದ ಪ್ಲೇಟಿನ ಆಚೆಯೂ ಈಚೆಯೂ ಅಡ್ಡ ಬೋಲ್ಟು ಇರಲೇಬೇಕು, ಹೊರಗಿನ ಬೋಲ್ಟಿಗೂ ಪ್ಲೇಟಿಗೂ ನಡುವೆ ದೊಡ್ಡ ವಾಷರ್ ಇರಲೇಬೇಕು. ಲಾಕು ಕ್ಲಿಪ್ಪು ಇಲ್ಲಿ ಲೆಕ್ಕಕ್ಕಿಲ್ಲ. ಒಂದೂಕಾಲು ಕೆಜಿಯಿಂದ ಶುರು ಮಾಡಿ. ಕಡಿಮೆ ಅನ್ನಿಸುತ್ತದೆ, ಬೀಸಿ ನೋಡಿದರೆ ಗೊತ್ತಾಗುತ್ತದೆ. ಮಕ್ಕಳು, ಹಸು, ನಾಯಿ ಯಾರೂ ಹತ್ತಿರ ಇರಬಾರದು.

ಕಾಲಿಗೆ ಮನೆಯ ತೂಕ ಸಾಲುವುದಿಲ್ಲ ಅನ್ನುವುದು ಸಾಮಾನ್ಯ ದೂರು. ಸಾಲುತ್ತದೆ. 60 ಕೆಜಿಯ ಮನುಷ್ಯ 20 ಕೆಜಿ ಪ್ಲೇಟು ಎದೆಗೆ ಅಪ್ಪಿ ಬಸ್ಕಿ ಹೊಡೆದರೆ ಒಂದೊಂದು ಕಾಲಿಗೆ ಬರುವುದು 40 ಕೆಜಿ. ಹಿಂದಿನ ಕಾಲನ್ನು ಜಗುಲಿ ಕಟ್ಟೆಯ ಮೇಲಿಟ್ಟು ಮುಂದಿನ ಕಾಲಲ್ಲಿ ಕೂತೆದ್ದರೆ ಆ 80ರಲ್ಲಿ ಬಹುಪಾಲು ಒಂದೇ ಕಾಲಿಗೆ. ಕೆಳಗೆ ಹೋದಾಗ ಎರಡು ಕ್ಷಣ ನಿಲ್ಲಿ, ನಿಧಾನ ಇಳಿಯಿರಿ, ಇನ್ನೂ ಕಷ್ಟ. ಮಾಂಸಖಂಡ ಬೆಳೆಯುವುದಕ್ಕೆ 8ರಿಂದ 12 ಸಲವೇ ಎತ್ತಬೇಕು ಅನ್ನುವ ಮಾತು ಹಳೆಯದು. 25, 30 ಸಲ ಎತ್ತುವ ಹಗುರ ತೂಕದಲ್ಲೂ ಬೆಳೆಯುತ್ತದೆ, ಕೊನೆಯ ಎರಡು ಮೂರು ಸಲ ನಿಜವಾಗಿ ಕಷ್ಟಪಟ್ಟು ಎತ್ತುವ ಹಂತಕ್ಕೆ ಹೋಗಬೇಕು, ಅಷ್ಟೆ. ಒಂದೇ ಸಲಕ್ಕೆ ಭಾರೀ ತೂಕ ಎತ್ತುವ ಶಕ್ತಿ ಬೇಕು ಅನ್ನುವವರಿಗೆ ಮಾತ್ರ ಭಾರೀ ತೂಕವೇ ಬೇಕು, ಅದಕ್ಕೆ ಅಡ್ಡದಾರಿ ಇಲ್ಲ.

ಎದೆಗೆ ಬೆಂಚ್ ಇಲ್ಲದಿದ್ದರೆ ನೆಲದ ಮೇಲೆ ಮಲಗಿ ಪ್ರೆಸ್ ಮಾಡಿ, ಅಂದರೆ ತೂಕವನ್ನು ಎದೆಯಿಂದ ಮೇಲಕ್ಕೆ ತಳ್ಳಿ. ಮೊಣಕೈ ನೆಲ ಮುಟ್ಟಿದ ಕೂಡಲೇ ನಿಲ್ಲುವುದರಿಂದ ಭುಜದ ಕೀಲು ಅತಿಯಾಗಿ ಹಿಂದೆ ಹೋಗುವುದಿಲ್ಲ. ಒಬ್ಬರೇ ಇದ್ದಾಗ ಇದು ಬೆಂಚಿಗಿಂತ ಸುರಕ್ಷಿತ. ದಂಡ ಹೊಡೆಯುವವರು ಶಾಲೆಯ ಬ್ಯಾಗಿನಲ್ಲಿ ಪ್ಲೇಟು ಹಾಕಿ, ಬೆನ್ನಿನ ಮೇಲ್ಭಾಗದಲ್ಲಿ ಬಿಗಿಯಾಗಿ ಕೂರುವ ಹಾಗೆ ಪಟ್ಟಿ ಎಳೆದುಕೊಳ್ಳಿ. ಸೊಂಟದ ಕಡೆ ಜಾರಿದರೆ ನಡು ಕುಸಿಯುತ್ತದೆ.

ತೂಕ ಏರಿಸುವಾಗ ಚಿಕ್ಕ ಹೆಜ್ಜೆ ಬೇಕು. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಚಿಕ್ಕ ಪ್ಲೇಟು ಒಂದೂಕಾಲು ಕೆಜಿ, ಎರಡು ಕಡೆ ಸೇರಿ ಎರಡೂವರೆ. ಭುಜದ ವ್ಯಾಯಾಮಕ್ಕೆ ಅದು ದೊಡ್ಡ ನೆಗೆತ. ಪಿನ್ನಿಗೆ ಅರ್ಧ ಲೀಟರ್ ನೀರಿನ ಬಾಟಲಿ ಕಟ್ಟಿ, ಅರ್ಧ ಕೆಜಿ ಏರಿತು. ರಾಡಿನ ತುದಿಗೆ ಮಾತ್ರ ಬಾಟಲಿ ಬೇಡ, ತೂಗಾಡುತ್ತದೆ. ಅಲ್ಲಿಗೆ ದೊಡ್ಡ ವಾಷರ್‌ಗಳನ್ನು ತೂಗಿ ಹಾಕಿ.

ಕೊನೆಗೆ ನಮ್ಮ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ ಬೀಳುತ್ತದೆ, ಜೂನ್‌ನಿಂದ ನಾಲ್ಕು ತಿಂಗಳು ಗೋಡೆಯೇ ಬೆವರುತ್ತದೆ. ಪ್ಲೇಟಿನ ಮೇಲಿನ ತುಕ್ಕು ನೋಡಲು ಕೆಟ್ಟದು, ಅಪಾಯವಲ್ಲ. ವೈರ್ ಬ್ರಶ್ ಹೊಡೆದು ರೆಡ್ ಆಕ್ಸೈಡ್ ಪ್ರೈಮರ್ ಬಳಿದು ಮೇಲೊಂದು ಪೇಂಟ್ ಕೊಟ್ಟರೆ ಆಯಿತು. ತೂತಿನ ಒಳಗೆ ಪೇಂಟ್ ಬೇಡ, ರಾಡು ಸಿಕ್ಕಿಕೊಳ್ಳುತ್ತದೆ, ಅಲ್ಲಿಗೆ ಎಣ್ಣೆ ಸವರಿ. ನಿಜವಾಗಿ ನೋಡಬೇಕಾದ್ದು ಅಡ್ಡ ಬೋಲ್ಟು, ಶ್ಯಾಕಲ್ಲಿನ ಪಿನ್ನು, ರಾಟೆಯ ಅಚ್ಚು. ತುಕ್ಕು ಅವುಗಳನ್ನು ಕಣ್ಣಿಗೆ ಕಾಣದ ಕಡೆ ತೆಳ್ಳಗೆ ಮಾಡುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬೋಲ್ಟು ಹೊರಗೆ ತೆಗೆದು ನೋಡಿ. ನಡುವೆ ಸವೆದ ಗುರುತು ಬೆರಳಿಗೆ ಸಿಕ್ಕರೆ ಹೊಸದು ಹಾಕಿ, ಬೋಲ್ಟಿನ ಬೆಲೆ ಎಷ್ಟು ಮಹಾ!

ನೆಲಕ್ಕೆ ಹಾಸಲು ಜಿಮ್ ಮ್ಯಾಟ್ ಹುಡುಕಬೇಡಿ. ಕೊಟ್ಟಿಗೆಯಲ್ಲಿ ಹಸುವಿಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್ ಇದೆಯಲ್ಲ, ಅದೇ ಸರಿಯಾದದ್ದು. ಹೊರದೇಶಗಳಲ್ಲೂ ಮನೆ ಜಿಮ್ ಮಾಡುವವರು ಕುದುರೆ ಲಾಯದ ರಬ್ಬರ್ ಹಾಸನ್ನೇ ತಂದು ಹಾಕಿಕೊಳ್ಳುತ್ತಾರೆ. ಕಾವಿ ನೆಲ ಒಂದು ಸಲ ಚಕ್ಕೆ ಎದ್ದರೆ ಅದೇ ಬಣ್ಣಕ್ಕೆ ಮತ್ತೆ ತರುವುದು ಕಷ್ಟ, ಆದ್ದರಿಂದ ಮ್ಯಾಟ್ ಇಲ್ಲದೆ ಒಳಗೆ ಶುರು ಮಾಡಬೇಡಿ. ಮರದ ಉಪ್ಪರಿಗೆಯ ಮೇಲೆ ಮ್ಯಾಟ್ ಇದ್ದರೂ ಬೇಡ. ಹೊಸ ಮ್ಯಾಟಿಗೆ ರಬ್ಬರ್ ವಾಸನೆ ಇರುತ್ತದೆ, ತೊಳೆದು ಎರಡು ದಿನ ಬಿಸಿಲಿಗೆ ಹಾಕಿದರೆ ಕಡಿಮೆಯಾಗುತ್ತದೆ. ಹಾಗಾಗಿ ಮ್ಯಾಟು ಮಾತ್ರ ಮಳೆ ಹಿಡಿಯುವ ಮೊದಲೇ ತಂದಿಟ್ಟುಕೊಳ್ಳಿ.